ಮೋಸ ಮಾಡಿದ ನರಿನೇ ಮಂತ್ರಿ ಆಯ್ತಲ್ಲ, ಇದೆಂಥಾ ನೀತಿಕಥೆ?

ಓದುಗರ ಪ್ರಶ್ನೆ: "ಮಗಳಿಗೆ ಪಂಚತಂತ್ರ ಓದಿ ಹೇಳ್ತಾ ಇದ್ದೆ. ಸಿಂಹ, ಎತ್ತು ಎರಡೂ ಜೀವದ ಗೆಳೆಯರು, ನರಿ ಮಧ್ಯೆ ಬಂದು ಚಾಡಿ ಹೇಳಿ ಎತ್ತನ್ನ ಕೊಲ್ಲಿಸುತ್ತೆ, ಕೊನೆಗೆ ಆ ನರಿನೇ ಮಂತ್ರಿ ಆಗಿ ಆರಾಮಾಗಿರುತ್ತೆ. 'ಹಾಗಾದ್ರೆ ಚಾಡಿ ಹೇಳಿದ್ರೆ ಒಳ್ಳೇದಾಗುತ್ತಾ ಅಮ್ಮಾ' ಅಂತ ಕೇಳಿದ್ಲು. ನನಗೆ ಉತ್ತರ ಹೊಳೀಲಿಲ್ಲ. ಇದನ್ನ ನೀತಿಕಥೆ ಅಂತ ಯಾಕೆ ಕರೀತಾರೆ?"

ಮಗಳು ಸರಿಯಾದ ಪ್ರಶ್ನೆನೇ ಕೇಳಿದಾಳೆ, ಮೊದಲು ಅವಳಿಗೆ ಶಭಾಷ್ ಹೇಳಿ. ಈ ಪ್ರಶ್ನೆ ಸಾವಿರಾರು ವರ್ಷದಿಂದ ಓದಿದವರನ್ನೆಲ್ಲ ಕಾಡಿದೆ, ಒಬ್ಬರಿಗಂತೂ ಎಷ್ಟು ಕಾಡಿತ್ತು ಅಂದ್ರೆ ಅವರು ಒಂದು ಹೊಸ ಅಧ್ಯಾಯನೇ ಬರೆದು ಸೇರಿಸಿಬಿಟ್ರು, ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಗೊಂದಲ ಶುರುವಾಗೋದು ನೀತಿ ಅನ್ನೋ ಪದದಿಂದಲೇ. ಈಗ ನಾವು ನೀತಿ ಅಂದ ತಕ್ಷಣ ಸುಳ್ಳು ಹೇಳಬಾರದು, ಕದಿಯಬಾರದು ಅಂತ ಅಂದ್ಕೋತೀವಿ, ಶಾಲೆ ಪುಸ್ತಕದಲ್ಲಿ ಪಾಠದ ಕೊನೆಗೆ "ಈ ಕಥೆಯ ನೀತಿ ಏನು" ಅಂತ ಎರಡು ಮಾರ್ಕಿನ ಪ್ರಶ್ನೆ ಇರ್ತಿತ್ತಲ್ಲ, ಅದರಿಂದ ಬಂದ ಅಭ್ಯಾಸ. ಆದ್ರೆ ಪೇಪರ್ ತೆಗೆದು ನೋಡಿ, ರಾಜನೀತಿ, ತೆರಿಗೆ ನೀತಿ, ವಿದೇಶಾಂಗ ನೀತಿ ಅಂತೆಲ್ಲ ಬರೀತಾರೆ, ಅಲ್ಲಿ ಯಾರೂ ಸದ್ಗುಣದ ಬಗ್ಗೆ ಮಾತಾಡ್ತಿರಲ್ಲ. ಸಂಸ್ಕೃತದ 'ನೀ' ಧಾತುವಿಗೆ ಕರ್ಕೊಂಡು ಹೋಗು, ನಡೆಸು ಅಂತ ಅರ್ಥ. ನಾಯಕ, ನೇತಾರ ಎಲ್ಲ ಅದೇ ಬೇರಿಂದ ಬಂದ ಪದಗಳು. ಪಂಚತಂತ್ರದ ನೀತಿ ಈ ಹಳೇ ಅರ್ಥದ್ದು, ಅಂದ್ರೆ ಹತ್ತು ಜನರ ನಡುವೆ ಇದ್ಕೊಂಡು, ಅದರಲ್ಲಿ ಕೆಲವರು ಕೆಟ್ಟವರೂ ಇರ್ತಾರೆ ಅಂತ ಗೊತ್ತಿಟ್ಕೊಂಡು, ಜೀವನ ಹೇಗೆ ನಡೆಸಬೇಕು ಅನ್ನೋದು.

ಇದು ಯಾರಿಗೆ ಹೇಳಿದ ಕಥೆ ಅನ್ನೋದನ್ನೂ ನೋಡಿ. ಮಹಿಲಾರೋಪ್ಯದ ರಾಜ ಅಮರಶಕ್ತಿಗೆ ಮೂರು ಜನ ಗಂಡುಮಕ್ಕಳು, ಬಹುಶಕ್ತಿ, ಉಗ್ರಶಕ್ತಿ, ಅನಂತಶಕ್ತಿ ಅಂತ, ಮೂವರಿಗೂ ಓದು ತಲೆಗೆ ಹತ್ತಲ್ಲ. ವಿಷ್ಣುಶರ್ಮ ಅನ್ನೋ ವಯಸ್ಸಾದ ಪಂಡಿತ ಆರು ತಿಂಗಳಲ್ಲಿ ಇವರನ್ನ ತಯಾರು ಮಾಡ್ತೀನಿ ಅಂತ ಮಾತು ಕೊಟ್ಟು, ರಾಜ ಕೊಡೋಕೆ ಬಂದ ನೂರು ಹಳ್ಳಿ ಬೇಡ ಅಂದು, ಐದು ತಂತ್ರಗಳನ್ನ ಕಥೆ ರೂಪದಲ್ಲಿ ಹೇಳ್ತಾನೆ. ಗ್ರಂಥವೇ ತನ್ನ ಹುಟ್ಟಿನ ಬಗ್ಗೆ ಹೇಳ್ಕೊಳ್ಳೋ ಕಥೆ ಇದು. ಇವರು ನಾಳೆ ಸಿಂಹಾಸನದ ಮೇಲೆ ಕೂರೋ ಹುಡುಗರು, ಇವರ ಸುತ್ತ ಕಿವಿ ಕಚ್ಚೋರು, ಹೊಗಳುಭಟರು, ಚಾಡಿಕೋರರು ಇದ್ದೇ ಇರ್ತಾರೆ. ಹಾಗಾಗಿ ಮೊದಲನೇ ತಂತ್ರ, ಅಂದ್ರೆ ನೀವು ಓದಿದ ಸಿಂಹ, ಎತ್ತಿನ ಕಥೆ ಕೇಳುವಾಗ ಆ ಹುಡುಗರು ಕೂತಿರೋದು ಸಿಂಹದ ಜಾಗದಲ್ಲಿ, ನರಿ ಜಾಗದಲ್ಲಲ್ಲ. ನರಿ ಗೆದ್ದಿದ್ದು ನೀನು ನರಿ ಆಗು ಅಂತ ಹೇಳೋಕಲ್ಲ, ನಿನ್ನ ಪಕ್ಕದಲ್ಲೇ ಇಂಥವನೊಬ್ಬ ಇದ್ದು ಗೆದ್ದು ಹೋಗ್ತಾನೆ, ನಿನಗೆ ಗೊತ್ತೂ ಆಗಲ್ಲ ಅಂತ ತೋರಿಸೋಕೆ. ನನ್ನ ಉತ್ತರದ ತಿರುಳು ಇಷ್ಟೇ, ಕಥೆಯೊಳಗೆ ಯಾರ ಪಕ್ಕ ಕೂತು ನೋಡ್ತಿದೀವಿ ಅನ್ನೋದರ ಮೇಲೆ ಪಾಠ ಬದಲಾಗುತ್ತೆ.

ಮಕ್ಕಳ ಪುಸ್ತಕದಲ್ಲಿ ನಾಲ್ಕು ಪುಟಕ್ಕೆ ಇಳಿಸಿರೋ ಈ ಕಥೆನ ಸ್ವಲ್ಪ ಹತ್ತಿರದಿಂದ ನೋಡೋಣ. ವರ್ಧಮಾನಕ ಅನ್ನೋ ವ್ಯಾಪಾರಿ ಮಥುರೆ ಕಡೆ ಗಾಡಿ ಕಟ್ಕೊಂಡು ಹೊರಟಿರ್ತಾನೆ, ಯಮುನೆ ದಡದಲ್ಲಿ ಸಂಜೀವಕ ಅನ್ನೋ ಎತ್ತು ಕಾಲು ಮುರ್ಕೊಳ್ಳುತ್ತೆ, ಅದನ್ನ ಅಲ್ಲೇ ಬಿಟ್ಟು ಹೋಗ್ತಾರೆ. ಹಸಿರು ಹುಲ್ಲು ಮೇಯ್ಕೊಂಡು ಎತ್ತು ಚೇತರಿಸ್ಕೊಂಡು ಗುಟುರು ಹಾಕೋಕೆ ಶುರು ಮಾಡಿದ್ರೆ, ನೀರು ಕುಡಿಯೋಕೆ ಬಂದ ಸಿಂಹ ಪಿಂಗಳಕ ಆ ಸದ್ದಿಗೆ ಹೆದರಿ ನೀರೂ ಕುಡಿಯದೆ ವಾಪಸ್ ಹೋಗಿ ಕೂರುತ್ತೆ. ದೂರದಿಂದ ಇದನ್ನ ಗಮನಿಸಿದ್ದು ದಮನಕ ಅನ್ನೋ ನರಿ. ಕೆಲಸ ಕಳ್ಕೊಂಡು ಮೂಲೆಗೆ ಸೇರಿರೋ ಹಳೇ ಮಂತ್ರಿಯ ಮಗ ಅದು, ರಾಜನ ಭಯ ಏನು ಅಂತ ಗೊತ್ತಾದ್ರೆ ರಾಜ ಕೈಗೆ ಸಿಕ್ಕಂಗೆ ಅಂತ ಲೆಕ್ಕ ಹಾಕುತ್ತೆ. ದಮನಕನೇ ಹೋಗಿ ಎತ್ತನ್ನ ಕರ್ಕೊಂಡು ಬಂದು ಸಿಂಹದ ಜೊತೆ ಸ್ನೇಹ ಮಾಡಿಸುತ್ತೆ. ಆ ಸ್ನೇಹ ಎಷ್ಟು ಗಾಢವಾಗುತ್ತೆ ಅಂದ್ರೆ ಸಿಂಹ ಬೇಟೆನೇ ಮರೆತುಬಿಡುತ್ತೆ, ಅದರ ಬೇಟೆಯಲ್ಲಿ ಉಳಿದಿದ್ದು ತಿಂದ್ಕೊಂಡಿದ್ದ ಪರಿವಾರಕ್ಕೆ ಹೊಟ್ಟೆಗಿಲ್ಲ. ಅಂದ್ರೆ ದಮನಕನ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ಪುಟಾಣಿ ಪುಸ್ತಕಗಳು ಈ ಹಸಿವಿನ ಭಾಗನ ಬಿಟ್ಟು ನರಿ ಕೆಟ್ಟದ್ದು ಅಂತ ಒಂದು ಸಾಲಲ್ಲಿ ಮುಗಿಸಿಬಿಡ್ತವೆ, ಅದು ನನಗೆ ತುಂಬಾ ಬೇಜಾರಿನ ವಿಷಯ.

ಆಮೇಲೆ ಚಾಡಿ. ದಮನಕ ಸಿಂಹದ ಹತ್ರ ಹೋಗಿ ಎತ್ತು ನಿನ್ನ ರಾಜ್ಯದ ಮೇಲೆ ಕಣ್ಣಿಟ್ಟಿದೆ ಅನ್ನುತ್ತೆ, ಎತ್ತಿನ ಹತ್ರ ಹೋಗಿ ಸಿಂಹ ನಿನ್ನನ್ನ ಕೊಂದು ಪರಿವಾರಕ್ಕೆ ಊಟ ಹಾಕಬೇಕು ಅಂತಿದೆ ಅನ್ನುತ್ತೆ. ಸುಮ್ಮನೆ ಹೇಳಿ ಬಿಡಲ್ಲ, ಗುರುತು ಕೊಡುತ್ತೆ, ಕೆಂಪು ಕಣ್ಣು ಮಾಡ್ಕೊಂಡು ಹುಬ್ಬು ಗಂಟು ಹಾಕ್ಕೊಂಡು ನೋಡಿದ್ರೆ ಅದೇ ಸೂಚನೆ ಅಂತ. ಎತ್ತು ಹೆದ್ಕೊಂಡೇ ಹತ್ತಿರ ಬರುತ್ತೆ, ಹೆದರಿದ ಪ್ರಾಣಿ ಮೈ ಬಿಗಿ ಹಿಡಿಯುತ್ತಲ್ಲ, ಸಿಂಹಕ್ಕೆ ಅದು ಹಗೆತನದ ಗುರುತಾಗಿ ಕಾಣುತ್ತೆ, ಸಿಂಹದ ಮುಖ ಬದಲಾಗಿದ್ದು ನೋಡಿ ಎತ್ತಿಗೆ ದಮನಕ ಹೇಳಿದ್ದೇ ನಿಜ ಅನ್ಸುತ್ತೆ. ಇಬ್ಬರಲ್ಲೂ ಹಗೆ ಇರಲಿಲ್ಲ, ಹಗೆಯ ಲಕ್ಷಣ ಮಾತ್ರ ಇತ್ತು, ಆ ಲಕ್ಷಣ ಹುಟ್ಟಿದ್ದೂ ಚಾಡಿಯಿಂದಲೇ. ಇಷ್ಟು ಸೂಕ್ಷ್ಮವಾಗಿ ಗಾಳಿಮಾತು ಹೇಗೆ ಕೆಲಸ ಮಾಡುತ್ತೆ ಅಂತ ಬರೆದಿರೋದನ್ನ ನಾನು ಬೇರೆ ಕಡೆ ಓದಿಲ್ಲ. ಇಬ್ಬರಲ್ಲಿ ಒಬ್ಬರಾದ್ರೂ ಬಾಯಿಬಿಟ್ಟು "ಏನಪ್ಪಾ, ಹಿಂಗಂತೆ, ಹೌದಾ" ಅಂತ ಕೇಳಿದ್ರೆ ಕಥೆ ಅಲ್ಲೇ ನಿಂತು ಹೋಗ್ತಿತ್ತು.

ಇನ್ನೊಂದು ವಿಷಯ ಗೊತ್ತಾದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಮೊಲ ಸಿಂಹವನ್ನ ಬಾವಿ ಹತ್ರ ಕರ್ಕೊಂಡು ಹೋಗಿ ಅದರ ನೆರಳನ್ನೇ ತೋರಿಸಿ ಬೀಳಿಸೋ ಕಥೆ ನಮಗೆಲ್ಲ ಬಾಯಿಪಾಠ, ಬಲಕ್ಕಿಂತ ಬುದ್ಧಿ ದೊಡ್ಡದು ಅಂತ ಮಕ್ಕಳಿಗೆ ಹೇಳ್ತೀವಿ, "ಬುದ್ಧಿರ್ಯಸ್ಯ ಬಲಂ ತಸ್ಯ" ಅನ್ನೋ ಸಾಲು ಬರೋದೂ ಅಲ್ಲೇ. ಮೂಲದಲ್ಲಿ ಆ ಕಥೆ ಹೇಳೋದು ಯಾರು ಗೊತ್ತಾ, ಇದೇ ದಮನಕ! ಅಷ್ಟು ದೊಡ್ಡವರ ಸ್ನೇಹ ನಿನ್ನ ಕೈಲಿ ಹೇಗೆ ಮುರಿಯೋಕಾಗುತ್ತೆ ಅಂತ ಜೊತೆಗಾರ ನರಿ ಕರಟಕ ಕೇಳಿದ್ದಕ್ಕೆ, ಉಪಾಯ ಇದ್ರೆ ಎಲ್ಲ ಆಗುತ್ತೆ ಅಂತ ಸಮರ್ಥನೆಗೆ ಹೇಳೋ ಕಥೆ ಅದು. ಮೊಲಕ್ಕೆ ಅದು ಜೀವ ಉಳಿಸ್ಕೊಳ್ಳೋ ಉಪಾಯ, ದಮನಕನ ಬಾಯಲ್ಲಿ ಅದೇ ಉಪಾಯ ಇಬ್ಬರು ಗೆಳೆಯರನ್ನ ಮುರಿಯೋಕೆ ನೆಪ. ಒಳ್ಳೇ ಕಥೆನೂ ಕೆಟ್ಟ ಕೆಲಸಕ್ಕೆ ಬಳಕೆಯಾಗುತ್ತೆ ಅಂತ ಆ ಗ್ರಂಥಕ್ಕೇ ಗೊತ್ತಿತ್ತು, ಅದಕ್ಕೇ ಅಲ್ಲಿ ಪ್ರತಿಯೊಂದು ಕಥೆನೂ ಯಾರೋ ಯಾರಿಗೋ ಏನೋ ಉದ್ದೇಶ ಇಟ್ಕೊಂಡು ಹೇಳ್ತಿರ್ತಾರೆ. ಕಥೆಗಳನ್ನ ಬಿಡಿಬಿಡಿಯಾಗಿ ಕಿತ್ತು ಕೊನೆಗೊಂದು ನೀತಿವಾಕ್ಯ ಅಂಟಿಸಿದಾಗ ಹೋಗಿಬಿಡೋದು ಇದೇ.

ಹಾಗಂತ ಪಂಚತಂತ್ರದಲ್ಲಿ ಬರೀ ಕುಯುಕ್ತಿ ಅಂದ್ಕೋಬೇಡಿ. ಎರಡನೇ ತಂತ್ರದಲ್ಲಿ ಪಾರಿವಾಳಗಳ ರಾಜ ಚಿತ್ರಗ್ರೀವ ಬಲೆ ಸಮೇತ ಹಾರ್ಕೊಂಡು ಇಲಿ ಹಿರಣ್ಯಕನ ಬಿಲದ ಹತ್ರ ಇಳಿಯುತ್ತೆ. ಇಲಿ ಮೊದಲು ಗೆಳೆಯನ ಕಟ್ಟು ಕಡಿಯೋಕೆ ಹೋದ್ರೆ, ಬೇಡ, ಮೊದಲು ನನ್ನ ಜೊತೆ ಇರೋರದ್ದು ಕಡಿ, ಆಮೇಲೆ ನನ್ನದು ಅನ್ನುತ್ತೆ ರಾಜ. ಅಷ್ಟೇ, ಬಲೆಯೊಳಗೆ ಕಾಲು ಸಿಕ್ಕಿಹಾಕ್ಕೊಂಡೇ ಆಡೋ ಒಂದು ಮಾತು. ಇಂಥದ್ದೂ ಅದೇ ಪುಸ್ತಕದಲ್ಲಿದೆ.

ಮೊಸಳೆ ಮತ್ತು ಕೋತಿ ಕಥೆನೂ ಒಂದ್ಸಲ ತಿರುಗಿಸಿ ನೋಡಿ. ಹೃದಯ ಮರದ ಮೇಲೆ ಬಿಟ್ಟು ಬಂದಿದೀನಿ ಅಂತ ಕೋತಿ ತಪ್ಪಿಸ್ಕೊಳ್ಳುತ್ತಲ್ಲ, ಇದು ಬೌದ್ಧರ ಜಾತಕ ಕಥೆಗಳಲ್ಲೂ, ಅಂದ್ರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲೂ ಇದೆ. ಪಾಲಿ ಸಂಗ್ರಹದ 547 ಜಾತಕಗಳಲ್ಲಿ ಸುಂಸುಮಾರ ಜಾತಕ ಅಂತ. ಅಲ್ಲಿ ಕೋತಿನೇ ಬೋಧಿಸತ್ವ, ಅಂದ್ರೆ ಮುಂದೆ ಬುದ್ಧ ಆಗೋ ಜೀವ, ಮೊಸಳೆಗೂ ಅದಕ್ಕೂ ಮೊದಲಿಂದ ಸ್ನೇಹವೇ ಇಲ್ಲ, ಹೆಂಡತಿಯ ಬಯಕೆ ತೀರಿಸೋಕೆ ಮೊಸಳೆ ಮೋಸ ಮಾಡೋಕೆ ಬಂದಿರುತ್ತೆ. ಹಾಗಾಗಿ ಪಾಠ ಸರಳ, ಕಷ್ಟ ಬಂದಾಗ ಬುದ್ಧಿ ಸ್ಥಿಮಿತದಲ್ಲಿರಲಿ. ಪಂಚತಂತ್ರದಲ್ಲಿ ಇದು ನಾಲ್ಕನೇ ತಂತ್ರದ ಮುಖ್ಯ ಕಥೆ, ತಂತ್ರದ ಹೆಸರು ಲಬ್ಧಪ್ರಣಾಶ, ಸಿಕ್ಕಿದ್ದನ್ನ ಕಳ್ಕೊಳ್ಳೋದು ಅಂತ. ಯಾರಿಗೆ ಏನು ಸಿಕ್ಕಿತ್ತು? ಮೊಸಳೆಗೆ ಒಬ್ಬ ಗೆಳೆಯ ಸಿಕ್ಕಿದ್ದ, ದಿನಾ ನೇರಳೆ ಹಣ್ಣು ಉದುರಿಸಿ ಕೊಡ್ತಿದ್ದ ಗೆಳೆಯ. ಹೆಸರು ಇಟ್ಟಿರೋದೇ ಮೊಸಳೆ ಕಡೆಯಿಂದ. ಕೋತಿಯ ಜಾಣತನಕ್ಕೆ ಚಪ್ಪಾಳೆ ಹೊಡೆಯೋ ಗಡಿಬಿಡಿಯಲ್ಲಿ ನೀರಲ್ಲಿ ಒಂಟಿಯಾಗಿ ಉಳಿದ ಆ ಮೊಸಳೆ ನಮ್ಮ ಕಣ್ಣಿಗೇ ಬೀಳಲ್ಲ. ಅದು ಮತ್ತೆ ಬಾ ಅಂತ ಅಂಗಲಾಚಿದಾಗ ಕೋತಿ ಹೇಳೋ ಗಂಗದತ್ತನ ಕಥೆನೂ ಓದಿ, ದಾಯಾದಿಗಳ ಮೇಲಿನ ಸಿಟ್ಟಿಗೆ ಹಾವನ್ನ ತಾನೇ ಬಾವಿಗೆ ಕರ್ಕೊಂಡು ಬಂದ ಕಪ್ಪೆರಾಜನ ಕಥೆ ಅದು, ಹಾವು ದಾಯಾದಿಗಳನ್ನ ತಿಂದು ಮುಗಿಸಿ ಆಮೇಲೆ ಅವನ ಕಡೆಯವರಿಗೇ ಬಾಯಿ ಹಾಕುತ್ತೆ. ಆಸ್ತಿ ಜಗಳ ನೋಡಿದ ಯಾರಿಗಾದ್ರೂ ವಿವರಣೆ ಬೇಕಾಗಲ್ಲ.

ಕನ್ನಡದವರಾಗಿ ನಾವು ಹೆಮ್ಮೆ ಪಡೋ ವಿಷಯ ಒಂದಿದೆ. ಸುಮಾರು 1031ರಲ್ಲೇ ದುರ್ಗಸಿಂಹ ಪಂಚತಂತ್ರವನ್ನ ಕನ್ನಡ ಚಂಪೂ ಕಾವ್ಯವಾಗಿ ಬರೆದ. ಈಗ ಹೆಚ್ಚಾಗಿ ಸಿಗೋ ವಿಷ್ಣುಶರ್ಮನ ಆವೃತ್ತಿ ಅಲ್ಲ, ವಸುಭಾಗಭಟ್ಟ ಅನ್ನೋನ ಆವೃತ್ತಿ ಅವನಿಗೆ ಆಧಾರ, ಐದು ಭಾಗಗಳ ಹೆಸರೂ ಬೇರೆ, ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಅಂತ. ದುರ್ಗಸಿಂಹ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ ಆಗಿದ್ದವನು, ಯಾರ ಜೊತೆ ಸಂಧಿ, ಯಾರ ಮೇಲೆ ಯುದ್ಧ ಅನ್ನೋ ವ್ಯವಹಾರ ನೋಡೋ ಅಧಿಕಾರಿ. ಅಂಥವನು ಭೇದ, ವಂಚನೆ ಅಂತ ಭಾಗಗಳಿಗೆ ಹೆಸರಿಟ್ಟಾಗ ಅದು ಮಕ್ಕಳನ್ನ ಮಲಗಿಸೋ ಕಥೆಯಾಗಿ ಇರ್ಲಿಲ್ಲ, ದಿನಾ ಎದುರಿಗೆ ನೋಡ್ತಿದ್ದ ಪ್ರಪಂಚ ಆಗಿತ್ತು.

ಇನ್ನು ಹೊಸ ಅಧ್ಯಾಯದ ವಿಷಯ. ಆರನೇ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೋ ಅನುಶಿರ್ವಾನನ ಕಾಲದಲ್ಲಿ ಬುರ್ಜೋಯ್ ಅನ್ನೋ ವೈದ್ಯ ಇದನ್ನ ಪಹ್ಲವಿ ಭಾಷೆಗೆ ತಂದ, ಅದರಿಂದ ಸುಮಾರು 750ರ ಹೊತ್ತಿಗೆ ಇಬ್ನ್ ಅಲ್-ಮುಕಫ್ಫ ಅರಬ್ಬಿಗೆ ತಂದ. ಕರಟಕ ದಮನಕರು ಅಲ್ಲಿ ಕಲೀಲಾ ಮತ್ತು ದಿಮ್ನಾ ಆದ್ರು. ಈ ಅರಬ್ಬಿ ಪುಸ್ತಕದಲ್ಲಿ ಎತ್ತು ಸತ್ತ ಮೇಲೆ ಇನ್ನೊಂದು ಅಧ್ಯಾಯ ಇದೆ, ದಿಮ್ನಾನ ವಿಚಾರಣೆ. ಸಂಸ್ಕೃತದಲ್ಲೂ ಇಲ್ಲ, ಪಹ್ಲವಿಯಿಂದ ಬೇರೆ ದಾರಿಯಲ್ಲಿ ಬಂದ ಹಳೇ ಸಿರಿಯಾಕ್ ಅನುವಾದದಲ್ಲೂ ಇಲ್ಲ, ಹಾಗಾಗಿ ಇದು ಇಬ್ನ್ ಅಲ್-ಮುಕಫ್ಫ ತಾನೇ ಸೇರಿಸಿದ್ದು ಅಂತ ವಿದ್ವಾಂಸರು ಸಾಮಾನ್ಯವಾಗಿ ಒಪ್ತಾರೆ. ಅಲ್ಲಿ ನರಿನ ಸೆರೆಗೆ ಹಾಕ್ತಾರೆ, ಸಾಕ್ಷಿ ಕೇಳ್ತಾರೆ, ಕೊನೆಗೆ ಮರಣದಂಡನೆ ಆಗುತ್ತೆ. ನಿಮ್ಮ ಮಗಳಿಗೆ ಆದ ಸಂಕಟವೇ ಅವನಿಗೂ ಆಗಿರಬೇಕು ಅಂತ ನನಗನ್ಸುತ್ತೆ, ಇಷ್ಟು ಅನ್ಯಾಯ ಆದ್ಮೇಲೆ ಕಥೆ ಹೀಗೇ ಮುಗಿಯೋದು ಅವನ ಕೈಲಿ ಸಹಿಸೋಕಾಗಿಲ್ಲ.

ಸಂಸ್ಕೃತ ಪಂಚತಂತ್ರ ಶಿಕ್ಷೆ ಕೊಡಲ್ಲ ಅಂದ್ರೆ ಸುಮ್ಮನಿರುತ್ತೆ ಅಂತಲ್ಲ. ಸಿಂಹ, ಎತ್ತು ಹೊಡೆದಾಡ್ತಿರುವಾಗ ಕರಟಕ ಪಕ್ಕದಲ್ಲಿ ನಿಂತು ದಮನಕನಿಗೆ ಕಥೆ ಮೇಲೆ ಕಥೆ ಹೇಳಿ ಬೈತಾನೆ, ಧರ್ಮಬುದ್ಧಿ ಪಾಪಬುದ್ಧಿಯರ ಕಥೆ, ಇಲಿಗಳು ಕಬ್ಬಿಣದ ತಕ್ಕಡಿ ತಿಂದುವಂತೆ ಅನ್ನೋ ಕಥೆ ಎಲ್ಲ ಬರೋದು ಆ ಬೈಗುಳದ ಒಳಗೇ. ಮಕ್ಕಳ ಪುಸ್ತಕಗಳು ಆ ಕಥೆಗಳನ್ನೆಲ್ಲ ಬೇರೆ ಬೇರೆ ಪುಟಕ್ಕೆ ಹಾಕಿಬಿಡ್ತವೆ, ಬೈಗುಳ ಕಳೆದು ಹೋಗುತ್ತೆ, ನರಿ ಬೈಸ್ಕೊಳ್ಳದೇನೇ ಮಂತ್ರಿ ಆದಂಗೆ ಕಾಣುತ್ತೆ.

ಒಂದು ಮಾತು ನೇರವಾಗಿ ಹೇಳ್ಬೇಕು, ಹಳೇದು ಅನ್ನೋ ಕಾರಣಕ್ಕೆ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಹೆಂಗಸರನ್ನ ನಂಬಬಾರದು ಅನ್ನೋ ಥರದ ಶ್ಲೋಕಗಳು ಅದರಲ್ಲಿ ಬೇಕಾದಷ್ಟಿವೆ. ಚಿಕ್ಕವರಿಗೆ ಓದುವಾಗ ನಾನು ಅವನ್ನ ಬಿಡ್ತೀನಿ, ದೊಡ್ಡ ಮಕ್ಕಳಾದ್ರೆ ಓದಿ, ಇದು ತಪ್ಪು ಅಂತ ಹೇಳ್ತೀನಿ.

ಈಗ ಮಗಳಿಗೆ ಏನು ಹೇಳೋದು ಅನ್ನೋದು. ನಾನಾದ್ರೆ ಉತ್ತರ ಹೇಳಲ್ಲ, ಎತ್ತು ಸಿಂಹದ ಹತ್ರ ನಡ್ಕೊಂಡು ಬರೋ ಪುಟದಲ್ಲಿ ಪುಸ್ತಕ ನಿಲ್ಲಿಸಿ, ನೀನು ಸಿಂಹ ಆಗಿದ್ರೆ ಈಗ ಏನು ಮಾಡ್ತಿದ್ದೆ ಅಂತ ಕೇಳ್ತೀನಿ. ನಮ್ಮಕ್ಕನ ಮಗಳಿಗೆ ಏಳು ವರ್ಷ ಇದ್ದಾಗ ಹೀಗೇ ಕೇಳಿದ್ದೆ. "ಎತ್ತನ್ನೇ ಕೇಳ್ತಿದ್ದೆ ಚಿಕ್ಕಮ್ಮಾ" ಅಂದ್ಲು ತಕ್ಷಣ. ಸ್ವಲ್ಪ ಹೊತ್ತು ಬಿಟ್ಟು, "ಕರಟಕನಿಗೆ ಎಲ್ಲಾ ಗೊತ್ತಿತ್ತಲ್ವಾ, ಅವನ್ಯಾಕೆ ಹೋಗಿ ಹೇಳ್ಲಿಲ್ಲ" ಅಂದ್ಲು. ಅಷ್ಟು ವರ್ಷದಿಂದ ಓದಿದ್ರೂ ನನಗೆ ಆ ಪ್ರಶ್ನೆ ಬಂದಿರ್ಲಿಲ್ಲ. ಆಗ ಅವಳಿಗೆ ಅರಬ್ಬಿ ಕಥೆ ಹೇಳಿದೆ, ಅಲ್ಲಿ ಕರಟಕ ದಮನಕನನ್ನ ಬೈತಿರುವಾಗ ಆ ದಾರೀಲಿ ಹೋಗ್ತಿದ್ದ ಚಿರತೆ ಕೇಳಿಸ್ಕೊಂಡು ಹೋಗಿ ಸಿಂಹದ ಅಮ್ಮನಿಗೆ ಹೇಳುತ್ತೆ, ಸತ್ಯ ಹೊರಗೆ ಬರೋದೇ ಹಾಗೆ ಅಂತ. ಅವಳು ಯೋಚನೆ ಮಾಡಿ, "ಹಾಗಾದ್ರೆ ಅವನು ಜೋರಾಗಿ ಬೈದಿದ್ದೇ ಒಳ್ಳೇದಾಯ್ತು" ಅಂದು ಮುಂದಿನ ಪುಟ ತಿರುಗಿಸಿದ್ಲು.