ಗಾಂಧಿ ಬಜಾರಿನ ಹೂವಾಡಗಿತ್ತಿಯರೂ ಟಿ ಕೋಶಗಳೂ

ಕ್ಯಾನ್ಸರ್ ಸಂಶೋಧನೆಯ ಲ್ಯಾಬ್ ಅಂದರೆ ಇಲಿಯ ಗೂಡು, ಗಾಜಿನ ನಳಿಗೆ ಇರುತ್ತವೆ ಅಂದುಕೊಂಡಿದ್ದೆ. ಬೆಂಗಳೂರಿನ ಈ ಲ್ಯಾಬಿನಲ್ಲಿ ಕಂಡಿದ್ದು ನಾಲ್ಕು ಮಾನಿಟರ್, ಒಂದು ಕಾಫಿ ಫ್ಲಾಸ್ಕು. ಒಂದು ಪರದೆಯ ಮುಂದೆ ಕಂಪ್ಯೂಟರ್ ಸೈನ್ಸ್ ಓದಿದ ಹುಡುಗ. ಅವನ ಹಿಂದೆ ಪೆಥಾಲಜಿಸ್ಟ್ ಮೇಡಂ.

"ಮೇಡಂ, ಇಲ್ಲೊಂದು ದೊಡ್ಡ ಗಡ್ಡೆ ಸಿಕ್ಕಿದೆ, ನೋಡಿ."

ಮೇಡಂ ಬಗ್ಗಿ ನೋಡಿ ನಕ್ಕರು. "ಗಡ್ಡೆ ಅಲ್ಲಪ್ಪ ಅದು, ಮಡಿಕೆ. ಸೀರೆ ನೆರಿಗೆ ಥರ ಮಡಿಚಿಕೊಂಡಿದೆ."

ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳ್ಳಗೆ ಹೆರೆಯುತ್ತಾರೆ. ನೀರಿನ ಮೇಲೆ ತೇಲಿಬಿಟ್ಟು ಗಾಜಿಗೆ ಎತ್ತಿಕೊಳ್ಳುತ್ತಾರೆ. ಮಡಿಚದಿದ್ದರೇ ಆಶ್ಚರ್ಯ! ಆಮೇಲೆ ಬಣ್ಣ. ಹೆಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ-ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ. (ಮೊದಲನೆಯದು ಮೆಕ್ಸಿಕೋ ಕಡೆಯ ಒಂದು ಮರದ ತಿರುಳಿನ ಬಣ್ಣ. ಹಿಂದೆ ಬಟ್ಟೆಗೂ ಹಾಕುತ್ತಿದ್ದರು.) ಮಡಿಕೆಯಲ್ಲಿ ಎರಡು ಪದರ ಸೇರಿ ನೇರಳೆ ಕಡುವಾಗುತ್ತದೆ. ಕ್ಯಾನ್ಸರ್ ಕೋಶಗಳೂ ಒತ್ತೊತ್ತಾಗಿ ಕಡು ನೇರಳೆ. ಗಡ್ಡೆ ಹುಡುಕುವ ಹುಡುಗನ ಪ್ರೋಗ್ರಾಮ್ ಮೋಸ ಹೋಗಿದ್ದು ಅಲ್ಲೇ.

ಸ್ಲೈಡನ್ನು ಸ್ಕ್ಯಾನ್ ಮಾಡುವಾಗ ಒಂದು ಪಿಕ್ಸೆಲ್‌ಗೆ ಕಾಲು ಮೈಕ್ರಾನ್ ಲೆಕ್ಕ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಒಂದೂವರೆ ಸೆಂಟಿಮೀಟರ್ ಚೌಕದ ತುಂಡು ಅಂದರೆ 360 ಕೋಟಿ ಪಿಕ್ಸೆಲ್. ಮೊಬೈಲಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೋ ಮುನ್ನೂರು ಜೋಡಿಸಿದ ಹಾಗೆ. ಅಷ್ಟನ್ನೂ ಕಣ್ಣಲ್ಲಿ ನೋಡಿ ಒಂದೊಂದೇ ಕೋಶ ಎಣಿಸೋದು ಆಗದ ಮಾತು.

ಆದರೆ ಎಣಿಕೆಯೊಂದೇ ಸಾಲದು. ಕ್ಯಾನ್ಸರ್ ಕೋಶವನ್ನು ಕೊಲ್ಲಬಲ್ಲ ಟಿ ಕೋಶಗಳು, ಅಂದರೆ ನಮ್ಮ ದೇಹದ ಕಾವಲು ಪಡೆಯ ಕೋಶಗಳು, ಕೆಲವು ಗಡ್ಡೆಗಳಲ್ಲಿ ಒಳಗೆಲ್ಲ ನುಗ್ಗಿರುತ್ತವೆ. ಇನ್ನು ಕೆಲವದರಲ್ಲಿ ನಾರಿನ ಬೇಲಿಯಾಚೆ ಸುಮ್ನೆ ನಿಂತಿರುತ್ತವೆ. ಮದುವೆಗೆ ಬಂದವರೆಲ್ಲ ಛತ್ರದ ಗೇಟಿನಲ್ಲೇ ನಿಂತ ಹಾಗೆ. ಒಟ್ಟು ಲೆಕ್ಕ ಒಂದೇ ಇರಬಹುದು. ಆದರೂ ಈ ಕಾವಲು ಪಡೆಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ, ಇಮ್ಯುನೊಥೆರಪಿ, ಎರಡನೆಯ ಥರದ ಗಡ್ಡೆಗೆ ಸಾಮಾನ್ಯವಾಗಿ ಅಷ್ಟಾಗಿ ನಾಟುವುದಿಲ್ಲ. 2006ರಲ್ಲಿ ಫ್ರಾನ್ಸಿನ ಜೆರೋಮ್ ಗಾಲೋನ್ ತಂಡ ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಗಡ್ಡೆಯ ನಡುವೆ ಎಷ್ಟು, ಅಂಚಿನಲ್ಲಿ ಎಷ್ಟು ಅಂತ ಬೇರೆಬೇರೆಯಾಗಿ ಎಣಿಸಿತು. ಎರಡೂ ಕಡೆ ಜಾಸ್ತಿ ಇದ್ದವರು ಹೆಚ್ಚು ಕಾಲ ಬದುಕಿದ್ದರು.

ಈ "ಎಲ್ಲಿ" ಅನ್ನೋದನ್ನು ಅಂಕಿಗೆ ಇಳಿಸೋದು ಹೇಗೆ? ಲ್ಯಾಬಿನ ಮೂರನೆಯವಳು, ಸಂಖ್ಯಾಶಾಸ್ತ್ರದ ಹುಡುಗಿ, ಕಾಗದದ ಮೇಲೆ ಚುಕ್ಕೆ ಇಟ್ಟಳು. ಬಸವನಗುಡಿಯವಳು, ಉದಾಹರಣೆಯೂ ಅಲ್ಲಿಯದೇ.

ಗಾಂಧಿ ಬಜಾರಿನಲ್ಲಿ ಒಬ್ಬ ಹೂವಾಡಗಿತ್ತಿಯ ಬುಟ್ಟಿಯ ಸುತ್ತ ಹತ್ತು ಹೆಜ್ಜೆಯ ವೃತ್ತ ಎಳೆಯಿರಿ. ಒಳಗೆ ಇನ್ನೆಷ್ಟು ಹೂವಿನವರಿದ್ದಾರೆ ಎಣಿಸಿ. ಪ್ರತಿ ಬುಟ್ಟಿಗೂ ಹೀಗೇ ಮಾಡಿ ಸರಾಸರಿ ತೆಗೆಯಿರಿ. ಅಷ್ಟೇ ಜನ ಇಡೀ ಬಸವನಗುಡಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಕೂತಿದ್ದರೆ ಎಷ್ಟು ಸಿಗಬೇಕಿತ್ತೋ ಅದಕ್ಕಿಂತ ಜಾಸ್ತಿ ಬಂತಾ, ಅವರು ಗುಂಪು ಕಟ್ಟಿದ್ದಾರೆ. ಕಡಿಮೆ ಬಂತಾ, ದೂರ ದೂರ ಕೂತಿದ್ದಾರೆ. ವೃತ್ತವನ್ನು ಇಪ್ಪತ್ತು, ಐವತ್ತು ಹೆಜ್ಜೆಗೆ ಹಿಗ್ಗಿಸಿ ಮತ್ತೆ ಎಣಿಸಿ. 1970ರ ದಶಕದಲ್ಲಿ ಬ್ರಿಟನ್ನಿನ ಬ್ರಯಾನ್ ರಿಪ್ಲಿ ಕೊಟ್ಟ ಲೆಕ್ಕ ಇದು. ಕಾಡಿನ ಮರಗಳ ಅಧ್ಯಯನಕ್ಕೂ ಬಳಸುತ್ತಾರೆ. ಇಲ್ಲಿ ವೃತ್ತದ ನಡುವೆ ಟಿ ಕೋಶ ಇಟ್ಟು, ಒಳಗಿನ ಕ್ಯಾನ್ಸರ್ ಕೋಶಗಳನ್ನು ಎಣಿಸುತ್ತಾರೆ.

ಇಷ್ಟು ಸುಲಭವೇ ಅಂದೆ. ಅವಳು ತಲೆಯಾಡಿಸಿದಳು. "ಹೂವಿನವರು ಒತ್ತಾಗಿ ಕೂತಿರೋದು ಸ್ನೇಹಕ್ಕಲ್ಲ ಸಾರ್, ಅಲ್ಲಿ ಬಜಾರಿದೆ ಅಂತ. ಮನೆಗಳೊಳಗೆ ಬುಟ್ಟಿ ಇಡೋಕಾಗಲ್ಲ ಅಲ್ವಾ? ಆ ಜಾಗವನ್ನೂ ಲೆಕ್ಕಕ್ಕೆ ಹಿಡಿದರೆ ಗುಂಪು ಸುಳ್ಳೇ ಕಾಣುತ್ತೆ."

ಸ್ಲೈಡಿನಲ್ಲೂ ಹಾಗೇ. ಕೊಬ್ಬು, ಹರಿದ ತೂತು, ಸತ್ತ ಭಾಗ ಎಲ್ಲ ಇರುತ್ತವೆ. ಯಾವುದು ಬಜಾರು, ಯಾವುದು ಮನೆ ಅಂತ ಮೊದಲು ಗೆರೆ ಹಾಕಬೇಕು. ನನ್ನ ಮಟ್ಟಿಗೆ ಈ ಲ್ಯಾಬಿನ ಕಷ್ಟದ ಕೆಲಸ ಅದೇ, ಸೂತ್ರವಲ್ಲ.

ಹುಡುಗ ಎದ್ದು ಕುರ್ಚಿ ಬಿಟ್ಟುಕೊಟ್ಟ. ಮೇಡಂ ಕನ್ನಡಕ ಏರಿಸಿಕೊಂಡು ಮೌಸ್ ಹಿಡಿದರು. ಮೊದಲು ಆ ಮಡಿಕೆಯ ಸುತ್ತ ಒಂದು ಗೆರೆ ಎಳೆದು ಅದನ್ನು ಆಚೆಗಿಟ್ಟರು.