ಸೈನ್‌ಅಪ್ ಫಾರ್ಮ್‌ನಲ್ಲಿ ‘ಹೆಸರು’ ಅಂದರೆ ಯಾವ ಹೆಸರು?

ಪಾಸ್‌ವರ್ಡ್, ಒಟಿಪಿ, ಕ್ಯಾಪ್ಚಾ ಎಲ್ಲರಿಗೂ ಗೊತ್ತಿರುವುದೇ, ಬಿಟ್ಟುಬಿಡೋಣ. ತಲೆ ತಿನ್ನುವುದು ಹೆಸರಿನ ವಿಷಯ. ಒಳಗೆ ಹೋಗಲು ಕೊಡುವುದು ಲಾಗಿನ್, ಅಂದರೆ ಸಾಮಾನ್ಯವಾಗಿ ಇಮೇಲ್ ಅಥವಾ ಫೋನ್ ನಂಬರ್. ಬೇರೆಯವರು ನಮ್ಮನ್ನು ಹುಡುಕುವುದು ಯೂಸರ್‌ನೇಮ್‌ನಿಂದ. ಅದು ಇನ್ನೊಬ್ಬರಿಗೆ ಇರುವಂತಿಲ್ಲ. ಪರದೆಯ ಮೇಲೆ ಕಾಣುವುದು ಡಿಸ್‌ಪ್ಲೇ ನೇಮ್. ಅದು ಸಾವಿರ ಜನಕ್ಕೆ ಒಂದೇ ಇದ್ದರೂ ಅಡ್ಡಿಯಿಲ್ಲ.

ಇವು ಮೂರೂ ಬೇರೆ ಅನ್ನುವುದು ಸಿಗ್ನಲ್ ಅನ್ನುವ ಮೆಸೇಜಿಂಗ್ ಆ್ಯಪ್ ನೋಡಿದರೆ ಚೆನ್ನಾಗಿ ಹೊಳೆಯುತ್ತದೆ. ಅಲ್ಲಿ ಖಾತೆ ತೆರೆಯಲು ಫೋನ್ ನಂಬರ್ ಬೇಕೇ ಬೇಕು. ಆದರೆ 2024ರ ಫೆಬ್ರವರಿಯಲ್ಲಿ ಯೂಸರ್‌ನೇಮ್ ಬಂದ ಮೇಲೆ, ನಂಬರ್ ಕೊಡದೆಯೇ ಹೊಸಬರ ಜೊತೆ ಮಾತಾಡಬಹುದು. ನಂಬರ್ ಕಂಪನಿಗೆ ಗೊತ್ತು, ಎದುರಿನವರಿಗೆ ಗೊತ್ತಿಲ್ಲ. ಇನ್ನು ಕೆಲವು ಸೈಟ್‌ಗಳಲ್ಲಿ ಇಮೇಲೇ ಲಾಗಿನ್, ಅದೇ ಗುರುತು. ಆಫೀಸಿನ ಇಮೇಲ್ ಕೊಟ್ಟವರು ಕೆಲಸ ಬಿಟ್ಟರೆ ಖಾತೆಯೂ ಕೈಬಿಟ್ಟಂತೆ. ಅದಕ್ಕೇ ಸೈಟ್ ಕಟ್ಟುವವರು ಡೇಟಾಬೇಸಿನಲ್ಲಿ ಪ್ರತಿ ಖಾತೆಗೂ ಎಂದೂ ಬದಲಾಗದ ಬೇರೊಂದು ಐಡಿ ಇಟ್ಟು, ಉಳಿದದ್ದನ್ನೆಲ್ಲ ಬದಲಾಯಿಸಲು ಬಿಡಬೇಕು.

ಈಗ ಫಸ್ಟ್ ನೇಮ್, ಲಾಸ್ಟ್ ನೇಮ್ ರಗಳೆ. ಕೆ. ಎಸ್. ರೇಣುಕಾ ಅಂತಿಟ್ಟುಕೊಳ್ಳಿ: ಕೆ ಅಂದರೆ ಕಡೂರು, ಎಸ್ ಅಂದರೆ ಅಪ್ಪ ಶಿವಣ್ಣ. ಲಾಸ್ಟ್ ನೇಮ್‌ನಲ್ಲಿ ‘ಎಸ್’ ಹಾಕಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಅಂತ ಕೆಂಪು ಗೆರೆ. ಸರಿ, ಶಿವಣ್ಣ ಅಂತ ತುಂಬಿದಳು. ಮರುದಿನದಿಂದ ‘ಡಿಯರ್ ಶಿವಣ್ಣ’ ಅಂತ ಮೇಲ್ ಶುರು. ತಮ್ಮ ಮಹೇಶ ಅದೇ ಖಾನೆಯಲ್ಲಿ ಊರು ಹಾಕಿದ. ಆನ್‌ಲೈನ್‌ನಲ್ಲಿ ಅಕ್ಕ ರೇಣುಕಾ ಶಿವಣ್ಣ, ತಮ್ಮ ಮಹೇಶ್ ಕಡೂರು. ಒಡಹುಟ್ಟಿದವರು ಅಂತ ಯಾರು ಹೇಳಬೇಕು? ‘ಪೂರ್ಣ ಹೆಸರು’ ಅಂತ ಒಂದೇ ಖಾನೆ ಇಟ್ಟಿದ್ದರೆ ಈ ಪಾಡೇ ಇರುತ್ತಿರಲಿಲ್ಲ.

ನಿಜವಾದ ಹೆಸರೇ ಬೇಕು ಅಂತ ಹಟ ಹಿಡಿದದ್ದು ಗೂಗಲ್‌ನ ಸೋಷಿಯಲ್ ನೆಟ್‌ವರ್ಕ್ ಆಗಿದ್ದ ಗೂಗಲ್ ಪ್ಲಸ್. 2011ರಲ್ಲಿ ಶುರುವಾದಾಗ ಅಡ್ಡಹೆಸರಿನ ಖಾತೆಗಳನ್ನು ಅಮಾನತು ಮಾಡಿತು. 2014ರ ಜುಲೈನಲ್ಲಿ ಆ ನಿರ್ಬಂಧ ತೆಗೆದುಹಾಕಿತು.

ವಿಕಿಪೀಡಿಯ ಇದಕ್ಕೆ ಪೂರ್ತಿ ತದ್ವಿರುದ್ಧ: ಯೂಸರ್‌ನೇಮ್, ಪಾಸ್‌ವರ್ಡ್ ಇದ್ದರಾಯಿತು, ಇಮೇಲ್ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು. ಆದರೆ ಇಮೇಲ್ ಕೊಡದವರು ಪಾಸ್‌ವರ್ಡ್ ಮರೆತರೆ ಹೊಸದನ್ನು ತರಿಸಿಕೊಳ್ಳಲು ದಾರಿಯಿಲ್ಲ. ತಿದ್ದಿದ್ದೆಲ್ಲ ಹಳೇ ಹೆಸರಲ್ಲೇ ಉಳಿಯುತ್ತದೆ, ತಿದ್ದಿದವರು ಹೊಸ ಖಾತೆ ತೆರೆಯಬೇಕು.