ಮೊಟ್ಟೆ ಇಲ್ಲದಿದ್ದರೂ ಎಳೆಯುವ ಹೆಬ್ಬಾತು

ಸಹಜ ಪ್ರವೃತ್ತಿಯ ಪಾಠದಲ್ಲಿ ನಾವೆಲ್ಲ ಬರೆದುಕೊಳ್ಳುವ ಸಾಲು ಒಂದೇ: ಪ್ರಾಣಿ ಹುಟ್ಟುಗುಣದಂತೆ ಬದುಕುತ್ತದೆ, ಮನುಷ್ಯ ಯೋಚಿಸಿ ಬದುಕುತ್ತಾನೆ. ಪರೀಕ್ಷೆಗೆ ಸಾಕು. ನನಗೆ ವಿಷಯ ತಲೆಗೆ ಹತ್ತಿದ್ದು ಮಾತ್ರ ಒಂದು ಹೆಬ್ಬಾತಿನಿಂದ.

ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿಗಳಾದ ಕೊನ್ರಾಡ್ ಲೊರೆನ್ಜ್ ಮತ್ತು ನಿಕೊ ಟಿನ್‌ಬರ್ಗನ್ 1938ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಕಾವಿಗೆ ಕೂತ ಗ್ರೇಲ್ಯಾಗ್ ಹೆಬ್ಬಾತಿನ ಗೂಡಿನ ಆಚೆ ಒಂದು ಮೊಟ್ಟೆ ಇಟ್ಟರು. ಅದು ಕತ್ತು ಚಾಚಿ, ಕೊಕ್ಕನ್ನು ಮೊಟ್ಟೆಯ ಆಚೆ ಬದಿಗೆ ಕೊಟ್ಟು, ಮೆಲ್ಲಗೆ ಎಳೆದುಕೊಳ್ಳುತ್ತದೆ. ಮೊಟ್ಟೆ ಪಕ್ಕಕ್ಕೆ ಹೊರಳಿದರೆ ಕೊಕ್ಕನ್ನೂ ಅತ್ತಿತ್ತ ಆಡಿಸಿ ಸರಿ ಮಾಡುತ್ತದೆ. ಎಂಥ ಜಾಣತನ ಅಲ್ವಾ? ಈಗ ಅರ್ಧದಲ್ಲೇ ಮೊಟ್ಟೆ ತೆಗೆದುಬಿಡಿ. ಹಕ್ಕಿ ನಿಲ್ಲಿಸುವುದಿಲ್ಲ. ಇಲ್ಲದ ಮೊಟ್ಟೆಯನ್ನು ಗೂಡಿನ ತನಕ ಎಳೆದು ತರುತ್ತದೆ!

ಇಲ್ಲೊಂದು ಸೂಕ್ಷ್ಮ ಇದೆ. ಅತ್ತಿತ್ತ ಆಡಿಸುವುದು ನಿಂತುಹೋಗುತ್ತದೆ. ಅದಕ್ಕೆ ಮೊಟ್ಟೆ ತಾಗುತ್ತಿರಬೇಕು. ಎಳೆಯುವುದಕ್ಕೆ ಬೇಡ. ಒಮ್ಮೆ ಶುರುವಾದರೆ ಮುಗಿದೇ ತೀರಬೇಕು. (ಇಬ್ಬರಿಗೂ 1973ರಲ್ಲಿ ಕಾರ್ಲ್ ಫಾನ್ ಫ್ರಿಶ್ ಜೊತೆ ನೊಬೆಲ್ ಬಂತು.)

ಹಾಗಾದರೆ ಆಯ್ಕೆ ಅಂದರೇನು? ಹುಟ್ಟುಗುಣ ಇಲ್ಲದಿರುವುದೇ ಆಯ್ಕೆ ಅಂದುಕೊಂಡಿದ್ದೆ. ಕಠೋಪನಿಷತ್ತಿನ ರಥದ ಹೋಲಿಕೆ ಓದಿದ ಮೇಲೆ ಅದು ಸರಿ ಅನ್ನಿಸಲಿಲ್ಲ. ಅಲ್ಲಿ ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಸಾರಥಿ ಕುದುರೆಗಳನ್ನು ಬಿಚ್ಚಿ ಓಡಿಸುವುದಿಲ್ಲ. ಓಡಿಸಿದರೆ ರಥ ಎಳೆಯುವವರು ಯಾರು?

ಬಿಸಿ ತಾಗಿದರೆ ಕೈ ತಾನಾಗಿಯೇ ಹಿಂದೆ ಬರುತ್ತದೆ. ಆ ಆಜ್ಞೆ ಮಿದುಳುಬಳ್ಳಿಯಿಂದಲೇ ಹೊರಡುತ್ತದೆ, ಮಿದುಳಿಗೆ ಸುದ್ದಿ ಆಮೇಲೆ. ಇದು ಪರಾವರ್ತಿತ ಪ್ರತಿಕ್ರಿಯೆ; ಇದನ್ನೂ ಸಹಜ ಪ್ರವೃತ್ತಿಯನ್ನೂ ಒಂದೇ ಅಂತ ಬರೆದು ಅಂಕ ಕಳ್ಕೋಬೇಡಿ. ಆದರೆ ಇದನ್ನೂ ಮಿದುಳು ತಡೆಹಿಡಿಯಬಲ್ಲದು. ಒಮ್ಮೆ ಅಮ್ಮ ಸಾರಿನ ಪಾತ್ರೆ ಇಳಿಸುವಾಗ ಮಸಿಬಟ್ಟೆ ಜಾರಿತು. ಕಾಲ ಬಳಿಯೇ ಪುಟ್ಟ ತಂಗಿ ಕೂತಿದ್ದಳು. ಅಮ್ಮ ಪಾತ್ರೆ ಬಿಡಲಿಲ್ಲ. ಎರಡು ಹೆಜ್ಜೆ ನಡೆದು, ಕಟ್ಟೆ ಮೇಲಿಟ್ಟು, ಆಮೇಲೆ ಬೆರಳುಗಳನ್ನು ನಲ್ಲಿ ಕೆಳಗೆ ಹಿಡಿದಳು.

ಇದನ್ನು ಹೇಳಿದಾಗ ಗೆಳೆಯ ಕೇಳಿದ: "ಅದೂ ತಾಯಿಯ ಹುಟ್ಟುಗುಣವೇ ತಾನೇ? ಆಯ್ಕೆ ಎಲ್ಲಿ ಬಂತು?" ಒಳ್ಳೆ ಪ್ರಶ್ನೆ. ಅಮ್ಮನನ್ನೇ ಕೇಳಿದೆ.

"ಯೋಚನೆ ಮಾಡೋಕೆ ಟೈಮ್ ಎಲ್ಲಿತ್ತೋ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಸೇರಿಸಿದಳು: "ಮಗು ಅಲ್ಲಿ ಇಲ್ದಿದ್ರೆ ಸುಮ್ನೆ ಬಿಟ್ಟುಬಿಡ್ತಿದ್ದೆ. ಸಾರು ಹೋದ್ರೆ ಹೋಗ್ಲಿ."